ಟೇಪಕ್ಕ ತನಗೇ ಸೂಟು ಆರಿಸಿಕೊಂಡದ್ದು

ಬಸ್ಸು ಕೊನೆಗೆ ತಿರುಗಿ ನಿಲ್ಲುವ ಜಾಗದಿಂದ ಜಲ್ಲಿ ಹಾಕಿದ ದಾರಿ ಹಿಡಿದು ಇಳಿದರೆ, ಹಿಂದೆ ಕಲ್ಲು ಕಡಿಯುತ್ತಿದ್ದ ದೊಡ್ಡ ಗಣಿ ಸಿಗುತ್ತದೆ. ಕಲ್ಲಿನ ಕೆಲಸ ನಿಂತ ಮೇಲೆ ಒರತೆಯ ನೀರು ತುಂಬಿಕೊಂಡು ಅದು ಆಳವಾದ ಕೊಳವಾಯಿತು. ನೀರು ಎಷ್ಟು ತಿಳಿಯೋ ಅಷ್ಟೇ ಕೊರೆಯುವ ತಣ್ಣಗು. ದಂಡೆಯ ಮೇಲೆ ಒಂದು ಅಂಗಡಿ, ಅಂಗಡಿಯ ಮೇಲೊಂದು ಮನೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಹೋಗಿ ನೋಡಿಬರುವ ಹುಚ್ಚು ಹತ್ತಿಸಿಕೊಂಡವರು ದೂರದೂರದಿಂದ ಅಲ್ಲಿಗೆ ಬರುತ್ತಾರೆ. ಅವರ ಮೈ ಬೆಚ್ಚಗಿಡುವ ಸೂಟುಗಳನ್ನು ಆರಿಸಿ ಬಾಡಿಗೆಗೆ ಕೊಡುವುದು ಟೇಪಕ್ಕನ ಕೆಲಸ. ಅಳತೆಯ ಟೇಪು ಸದಾ ಕೊರಳಲ್ಲೇ ಇರುವುದರಿಂದ ಬಂದವರಿಗೆಲ್ಲ ಅವಳು ಟೇಪಕ್ಕ.

ತಮಾಷೆಯೆಂದರೆ, ಇಷ್ಟು ವರ್ಷಗಳಲ್ಲಿ ಅವಳು ಆ ಕೊಳಕ್ಕೆ ಕಾಲಿನ ಹೆಬ್ಬೆರಳಿಗಿಂತ ಹೆಚ್ಚಿಗೆ ಏನನ್ನೂ ಇಳಿಸಿರಲಿಲ್ಲ. ಚಳಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಜನ ಬೀಸಣಿಗೆ ಹುಡುಕುವ ತಿಂಗಳಲ್ಲೂ ಅವಳ ಕಾಲಲ್ಲಿ ಉಣ್ಣೆಯ ಕಾಲುಚೀಲ. ತರಕಾರಿ ತೊಳೆಯುವ ನೀರಿಗೂ ಒಂದು ಲೋಟ ಬಿಸಿನೀರು ಬೆರೆಸುವವಳು. ಇಂಥವಳ ಕೈಗೆ ಈ ಅಂಗಡಿ ಸಿಕ್ಕಿದ್ದು ಗಿರಾಕಿಗಳ ಪುಣ್ಯ ಎನ್ನಬೇಕು. ಚಳಿಗೆ ಕ್ಯಾರೇ ಎನ್ನದ ಗಟ್ಟಿಗರು ಈ ಕೆಲಸಕ್ಕೆ ಕುಳಿತರೆ ಅರ್ಧ ಜನ ಗಡಗಡ ನಡುಗುತ್ತಲೇ ಮನೆಗೆ ಹೋಗಬೇಕಾಗುತ್ತದೆ.

ಅವಳ ಮೇಜಿನ ಪಕ್ಕದಲ್ಲಿ ಒಂದು ನೀಲಿ ಬಕೆಟ್ಟು ಇರುತ್ತದೆ. ಗಂಡ ಬೆಳಿಗ್ಗೆ ನೀರಿಗಿಳಿದಾಗ ಆಳದಿಂದ ಕ್ಯಾನಿನಲ್ಲಿ ತುಂಬಿ ತಂದ ನೀರು ಅದರಲ್ಲಿ. ಬೇಸಿಗೆಯಲ್ಲಿ ಈ ಕೊಳ ಬಲು ಮೋಸಗಾರ. ಮೇಲಿನ ನೀರು ಬಿಸಿಲು ಕುಡಿದು ಹಿತವಾಗಿರುತ್ತದೆ. ಮೂರ್ನಾಲ್ಕು ಆಳುದ್ದ ಇಳಿಯುವಷ್ಟರಲ್ಲಿ ಒಮ್ಮೆಗೇ ತಣ್ಣೀರಿನ ಪದರ ಶುರುವಾಗುತ್ತದೆ. ಅಲ್ಲಿಂದ ತಳದವರೆಗೂ ಚಳಿಗಾಲವೇ. ದಂಡೆಯಲ್ಲಿ ಕೈಯಾಡಿಸಿ ನೋಡಿ ತೆಳ್ಳನೆಯದೇ ಸಾಕು ಎನ್ನುತ್ತ ಬರುವವರ ಜೊತೆ ಟೇಪಕ್ಕ ವಾದಕ್ಕೆ ಇಳಿಯುವುದಿಲ್ಲ. ಕೈಯನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡಿರಿ ಎಂದು ಹೇಳಿ, ಎದೆ ಸೊಂಟದ ಅಳತೆ ತೆಗೆಯುತ್ತ, ನೀರಲ್ಲಿ ಎಷ್ಟು ಹೊತ್ತು ಇರುತ್ತೀರಿ, ಕೆಳಗೆ ಹೋಗಿ ಏನು ಮಾಡುತ್ತೀರಿ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಂಬಳಿ ಎಳೆದುಕೊಳ್ಳುವವರು ನೀವೇನಾ ಎಂದು ಲೋಕಾಭಿರಾಮವಾಗಿ ಕೇಳುತ್ತಾಳೆ. ಆಮೇಲೆ ಆ ಕೈಗೆ ಒಂದು ಬೆಲ್ಟು ಕೊಟ್ಟು, ಬಕಲ್ಲು ಬಿಚ್ಚಿ ಎನ್ನುತ್ತಾಳೆ. ಬೆಚ್ಚಗಿನ ಸಮುದ್ರದಲ್ಲಿ ಮುಳುಗಿ ಪಳಗಿದವರೂ ಆ ಬಕಲ್ಲಿನ ಮುಂದೆ ಪೇಚಾಡುತ್ತಾರೆ. ಸುತ್ತಲಿದ್ದವರು ನಗುತ್ತಾರೆ, ಪೇಚಾಡುವವರೂ ನಗುತ್ತಾರೆ, ಆಮೇಲೆ ತಾವಾಗಿಯೇ ದಪ್ಪ ಕೈಗವಸು ಎಲ್ಲಿದೆ ಎಂದು ಕೇಳುತ್ತಾರೆ.

ಅಂಗಡಿಯ ಉದ್ದಕ್ಕೂ ಕಬ್ಬಿಣದ ಸರಳಿನ ಮೇಲೆ ಸೂಟುಗಳು ತೂಗುತ್ತಿರುತ್ತವೆ. ರಬ್ಬರಿನ ವಾಸನೆ ಮಹಡಿಯ ಮಲಗುವ ಕೋಣೆಯವರೆಗೂ ಏರುತ್ತದೆ. ಬಾಗಿಲ ಹತ್ತಿರದವು ವೆಟ್‌ಸೂಟುಗಳು. ನೊರೆಯಂಥ ರಬ್ಬರಿನವು, ಒಳಗೆ ಸ್ವಲ್ಪ ನೀರು ಬಿಟ್ಟುಕೊಂಡು ಅದನ್ನು ಮೈಯ ಶಾಖದಿಂದಲೇ ಬೆಚ್ಚಗಾಗಿಸುತ್ತವೆ. ಇವು ಮೈಗೆ ಕಚ್ಚಿಕೊಂಡಿರಬೇಕು. ಸಡಿಲವಾದರೆ ಬೆಚ್ಚಗಾದ ನೀರು ಹೊರಟುಹೋಗಿ ಹೊಸ ತಣ್ಣೀರು ಬಂದು ಕೂರುತ್ತದೆ. ಆಳಕ್ಕೆ ಹೋದಷ್ಟೂ ನೀರಿನ ಭಾರಕ್ಕೆ ರಬ್ಬರು ಅಮುಕಿಹೋಗಿ ತೆಳ್ಳಗಾಗುವುದರಿಂದ, ನಿಜವಾಗಿ ಬೇಕಾದ ಹೊತ್ತಿಗೇ ಅವು ಒಂದಿಷ್ಟು ಕೈಕೊಡುವುದೂ ಉಂಟು. ಗೋಡೆಯ ಕಡೆ ತೂಗುವವು ಡ್ರೈಸೂಟುಗಳು. ಕಾಲಿನಿಂದ ಕೊರಳಿನವರೆಗೆ ಒಂದೇ ಚೀಲ. ಕೊರಳಿಗೂ ಮಣಿಕಟ್ಟಿಗೂ ತೆಳು ರಬ್ಬರಿನ ಪಟ್ಟಿ, ಅದಕ್ಕೆ ಸೀಲು ಎನ್ನುತ್ತಾರೆ. ಒಳಗೆ ಹನಿ ನೀರೂ ಬರಬಾರದು. ಚೀಲದೊಳಗೆ ತೊಡುವ ದಪ್ಪ ಉಡುಪೂ ಅದು ಹಿಡಿದಿಟ್ಟ ಗಾಳಿಯೂ ಸೇರಿ ಮೈ ಬೆಚ್ಚಗಿಡುತ್ತವೆ. ಸೀಲಿನ ವಿಷಯಕ್ಕೆ ಬಂದರಂತೂ ಟೇಪಕ್ಕ ಮೇಷ್ಟರ ಅವತಾರ ತಾಳುತ್ತಾಳೆ. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಅದನ್ನೇ ದಾರಿ ಮಾಡಿಕೊಂಡು ಒಳಗೆ ಬರುತ್ತದೆ ಎಂದು ಹೇಳಿ ಹೇಳಿ ಎಷ್ಟೋ ಗಡ್ಡದವರ ಗಡ್ಡ ಬೋಳಿಸಿದ್ದಾಳೆ.

ಅವಳ ಗಂಡನನ್ನು ಜನ ಮುಳುಗಣ್ಣ ಎನ್ನುತ್ತಾರೆ. ಹೊಸಬರನ್ನು ಕರೆದುಕೊಂಡು ಇಳಿದು ಕೊಳದ ಒಳಗನ್ನೆಲ್ಲ ತೋರಿಸಿ ಕ್ಷೇಮವಾಗಿ ವಾಪಸು ತರುವುದು ಅವನ ಕೆಲಸ. ಮೊಣಕಾಲಿಗೂ ಮೊಣಕೈಗೂ ಟೇಪಕ್ಕ ತೇಪೆ ಹಾಕಿಕೊಟ್ಟ ಹಳೆಯ ವೆಟ್‌ಸೂಟೊಂದೇ ಅವನ ವೇಷ. ಹದಿನೈದು ಮೀಟರು ಕೆಳಗೆ, ಕಲ್ಲು ಕಡಿಯುವವರು ಅರ್ಧಕ್ಕೆ ಬಿಟ್ಟುಹೋದ ಒಂದು ಕಟ್ಟೆಯಿದೆ. ಬಕೆಟ್ಟಿನ ನೀರು ತರಲು ಇಳಿದಾಗ ಆ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತೇ ಅವನು ಮೇಲೆ ಬರುವುದು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಲ್ಲಿ ಕಂಡದ್ದರ ವರದಿ ತಪ್ಪದೆ ನಡೆಯುತ್ತದೆ. ಇವತ್ತು ಬಿಸಿಲು ಎಲ್ಲಿಯವರೆಗೆ ಇಳಿದಿತ್ತು, ಪಟ್ಟೆ ಮೀನು ಎಷ್ಟು ಹತ್ತಿರ ಬಂತು, ಮುಳುಗಿದ ಮರದ ಕೊಂಬೆಯ ಮೇಲಿನ ಸ್ಪಂಜು ಎನ್ನುವ ಹಸಿರು ಜೀವಿ ಎಷ್ಟು ಬೆಳೆದಿದೆ. ಟೇಪಕ್ಕ ಬಡಿಸುತ್ತ ಹೂಂಗುಟ್ಟುತ್ತಾಳೆ. ಕಣ್ಣಿಂದ ನೋಡದಿದ್ದರೂ ಆ ಕಟ್ಟೆಯ ಮೂಲೆಮೂಲೆಯೂ ಅವಳಿಗೆ ಬಾಯಿಪಾಠ. ತಣ್ಣೀರಲ್ಲಿ ಹೋಗಿ ಕೂರುವುದು ಯಾವ ಸೀಮೆಯ ಸುಖ ಎಂದು ಮೂಗು ಮುರಿಯುತ್ತಿದ್ದಳು ನಿಜ, ಆದರೆ ಒಂದು ದಿನ ವರದಿ ತಪ್ಪಿದರೆ ತಾನೇ ಕೆದಕಿ ಕೇಳುತ್ತಿದ್ದಳು.

ಹೀಗಿರುವಾಗ ಈ ಸಲದ ಬೇಸಿಗೆಯ ಮೊದಲಿಗೆ ಕಿವಿಯ ಡಾಕ್ಟರು, ಈ ಬೇಸಿಗೆ ಮುಗಿದ ಮೇಲೆ ನೀರಿಗಿಳಿಯಬೇಡಿ, ಇಲ್ಲದಿದ್ದರೆ ಕಿವಿಯ ಆಸೆ ಬಿಡಿ ಎಂದುಬಿಟ್ಟರು. ಮುಳುಗಣ್ಣ ಅದನ್ನು ಮನೆಯಲ್ಲಿ ನಗುನಗುತ್ತಲೇ ಹೇಳಿದ. ಹಿಂದಿನ ಕೋಣೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಹಗಲೆಲ್ಲ ಉಣ್ಣೆ ಹೆಣೆಯುವ ಅವನ ತಾಯಿ, ಅಂತೂ ನನ್ನ ಮಗ ಒಣಗುವ ಕಾಲ ಬಂತು ಎಂದರು. ಎಲ್ಲರೂ ನಕ್ಕರು. ಟೇಪಕ್ಕನೂ ನಕ್ಕಳು, ಆದರೆ ಬಡಿಸಿದ್ದನ್ನೇ ಅವನಿಗೆ ಮತ್ತೆ ಬಡಿಸಿದಳು.

ಅದಾದ ಎರಡು ದಿನಕ್ಕೆ ಗಂಡ ಹೆಂಡತಿ ಹಿತ್ತಿಲಲ್ಲಿ ನಿಂತು ಬಾಡಿಗೆಯಿಂದ ಬಂದ ಸೂಟುಗಳಿಗೆ ಪೈಪಿನ ನೀರು ಬಿಟ್ಟು ತೊಳೆಯುತ್ತಿದ್ದರು. ಮುಳುಗಣ್ಣ ಕೈಯಲ್ಲಿದ್ದ ಪೈಪನ್ನು ಹಾಗೇ ಹಿಡಿದುಕೊಂಡು, ಹೆಂಡತಿಯ ಮುಖ ನೋಡದೆ ಒಂದು ಮಾತು ಹೇಳಿದ.

"ಊರವರಿಗೆಲ್ಲ ತೋರಿಸ್ದೆ ಕಣೆ. ನಿಂಗೊಬ್ಳಿಗೆ ತೋರಿಸೋಕಾಗ್ಲಿಲ್ಲ."

ಟೇಪಕ್ಕ ಹಿಂಡಿದ ಟೋಪಿಯನ್ನೇ ಮತ್ತೆ ಹಿಂಡಿದಳು. ಆ ಸಂಜೆ, ಇವರ ಒಬ್ಬಳೇ ಮಗಳು, ಈ ವಿದ್ಯೆಯನ್ನು ಜನರಿಗೆ ಕಲಿಸುವ ಪರವಾನಗಿ ಪಡೆದವಳು, ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದಾಗ ಟೇಪಕ್ಕ ಅವಳ ಪಕ್ಕ ಹೋಗಿ ನಿಂತು, ನನಗೂ ಕಲಿಸುತ್ತೀಯಾ ಎಂದು ಕೇಳಿದಳು. ಯಂತ್ರದ ಸದ್ದಿನಲ್ಲಿ ಮಗಳಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಸರಿಯಾಗಿಯೇ ಕೇಳಿಸಿದೆ ಎಂದು ಗೊತ್ತಾದಾಗ ಯಂತ್ರ ನಿಲ್ಲಿಸಿ ಅಮ್ಮನನ್ನು ತಬ್ಬಿಕೊಂಡಳು.

ಕಲಿಯುವುದೇನೋ ಸಲೀಸಾಗಿ ಆಯಿತು. ಊರಿನ ಈಜುಕೊಳದ ನೀರು ಬೆಚ್ಚಗಿತ್ತು; ಟೇಪಕ್ಕ ಚೆನ್ನಾಗಿ ಉಸಿರಾಡಿದಳು, ಕಣ್ಣು ಮೂಗು ಮುಚ್ಚುವ ಕನ್ನಡಕದೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ತೆಗೆದಳು, ಹತ್ತು ಸಲ ಹೇಳಿಸಿಕೊಳ್ಳದೆ ಎಲ್ಲವನ್ನೂ ಮಾಡಿದಳು. ಗಂಟು ಬಿದ್ದದ್ದು ಸೂಟಿನ ವಿಷಯಕ್ಕೆ. ಹೊಸಬಳಿಗೆ ಏಳು ಮಿಲಿಮೀಟರು ದಪ್ಪದ ವೆಟ್‌ಸೂಟೇ ಸರಿ, ಅದರಲ್ಲಿ ಗಾಳಿ ತುಂಬುವ ತೆಗೆಯುವ ರಗಳೆಯಿಲ್ಲ ಎಂದು ಮುಳುಗಣ್ಣ ವಾದಿಸಿದ. ಅಮ್ಮನ ಚಳಿಗೆ ಡ್ರೈಸೂಟೇ ಆಗಬೇಕು ಎಂದು ಮಗಳು ಹಟ ಹಿಡಿದಳು. ಊಟದ ಮೇಜಿನಲ್ಲಿ ಶುರುವಾದ ವಾದ ಮೆಟ್ಟಿಲು ಇಳಿದು ಅಂಗಡಿಗೂ ಬಂತು. ಇಡೀ ಊರಿಗೆ ಸೂಟು ಆರಿಸಿಕೊಡುವ ಟೇಪಕ್ಕ ಮಾತ್ರ ಯಾರದೋ ಮದುವೆಯ ಮಾತುಕತೆಯಲ್ಲಿ ಕುಳಿತವಳಂತೆ ಇಬ್ಬರ ಬಾಯನ್ನೂ ನೋಡುತ್ತಿದ್ದಳು. ಕೊನೆಗೆ ಗಂಡನ ಮಾತಿಗೆ ತಲೆಯಾಡಿಸಿದಳು.

ಅಲ್ಲಿ ಅವಳು ಮಾಡಿದ ಎಡವಟ್ಟು ಕೇಳಿದರೆ ಯಾವ ಗಿರಾಕಿಯೂ ನಂಬಲಿಕ್ಕಿಲ್ಲ. ಹೆಂಗಸರು ಹೊಟ್ಟೆ ಕಾಣುತ್ತದೆಂದು ಸಡಿಲ ಸೂಟು ಕೇಳಿದರೆ, ಮೀನುಗಳೇನು ನಿಮ್ಮ ಸೊಂಟ ನೋಡಲು ಬರುತ್ತವೆಯೇ ಎಂದು ಗದರಿಸುವವಳು, ತನಗೆ ಬಂದಾಗ ಅದೇ ಸಂಕೋಚಕ್ಕೆ ಒಂದು ಸೈಜು ದೊಡ್ಡದನ್ನು ಏರಿಸಿಕೊಂಡಳು. ಏರಿಸುವುದೂ ಸುಲಭವಾಗಲಿಲ್ಲ. ಎರಡೂ ಕೈ ಮೇಲೆತ್ತಿದ ಸ್ಥಿತಿಯಲ್ಲಿ ಸೂಟಿನ ಮೇಲಂಗಿ ತಲೆಯ ಹತ್ತಿರ ಸಿಕ್ಕಿಕೊಂಡು, ಅತ್ತೆ ಮುಂದಿನಿಂದ ಮಗಳು ಹಿಂದಿನಿಂದ ಎಳೆದು, ಮೂವರೂ ನಕ್ಕು ಸುಸ್ತಾಗಿ ನೆಲದ ಮೇಲೆ ಕುಳಿತರು. ನೀರಿಗಿಳಿದಾಗ ಆಗಬೇಕಾದದ್ದೇ ಆಯಿತು. ತಣ್ಣೀರಿನ ಪದರ ತಟ್ಟಿದೊಡನೆ ಬೆನ್ನಿನ ಮೇಲೆ ನೀರು ಹೊಳೆಯಾಗಿ ಹರಿಯಿತು. ಟೇಪಕ್ಕ ಹೆಬ್ಬೆರಳು ಮೇಲೆ ಮಾಡಿ, ಮೇಲೆ ಹೋಗೋಣ ಎಂದು ಸನ್ನೆ ಕೊಟ್ಟು, ಬಂದ ದಾರಿಗೆ ಸುಂಕವಿಲ್ಲದೆ ಮರಳಿದಳು.

ಇನ್ನು ಡ್ರೈಸೂಟು. ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಮತ್ತೆ ಈಜುಕೊಳ, ಮತ್ತೆ ಮಗಳ ಪಾಠ. ಮೊದಲ ದಿನ ಸೂಟಿನ ಗಾಳಿಯೆಲ್ಲ ಕಾಲಿಗೆ ಹೋಗಿ ಟೇಪಕ್ಕ ತಲೆಕೆಳಗಾದಳು. ಎರಡು ಪಾದಗಳು ಮಾತ್ರ ನೀರಿನ ಮೇಲೆ ನಿಂತದ್ದನ್ನು ನೋಡಿ ಈಜಲು ಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಮೊಣಕಾಲು ಮಡಚಿ ಉರುಳಿ ಸರಿಯಾಗುವುದನ್ನು ಅವಳು ಕಲಿತಳು, ಎದೆಯ ಗುಂಡಿ ಒತ್ತಿ ಗಾಳಿ ತುಂಬುವುದನ್ನೂ ತೋಳಿನಿಂದ ಬಿಡುವುದನ್ನೂ ಕಲಿತಳು. ಆದರೆ ಈ ಕಲಿಕೆಯಲ್ಲೇ ಬೇಸಿಗೆ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿತ್ತು. ಮುಳುಗಣ್ಣ ದಿನಾ ಬಕೆಟ್ಟು ತುಂಬಿಸಿಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದ. ಅವನು ಅವಸರ ಮಾಡದಿದ್ದದ್ದೇ ಟೇಪಕ್ಕನನ್ನು ಕುಟುಕುತ್ತಿತ್ತು.

ಕೊಳಕ್ಕೆ ಇಳಿಯುವ ದಿನ ಬಂತು. ಬಿಸಿಲು ಚುರುಗುಟ್ಟುತ್ತಿತ್ತು. ಸೂಟಿನೊಳಗೆ ತೊಡಲು ಮಗಳು ಒಂದು ಉಡುಪು ಕೊಟ್ಟಿದ್ದಳು. ಅದೊಂದೇ ಸಾಕೆಂದು ಟೇಪಕ್ಕನ ಮನಸ್ಸು ಒಪ್ಪಬೇಕಲ್ಲ. ಅದರ ಒಳಗೆ ಕದ್ದು ಹತ್ತಿಯ ಬನಿಯನ್ನು, ಬನಿಯನ್ನಿನ ಮೇಲೆ ಸ್ವೆಟರು. ಸಾಲದೆಂಬಂತೆ, ಹೊರಡುವ ಹೊತ್ತಿಗೆ ಅತ್ತೆ ಕುರ್ಚಿಯಿಂದ ಎದ್ದು ಬಂದು, ಹಿಂದಿನ ವಾರವೇ ಹೆಣೆದು ಮುಗಿಸಿದ ಮಫ್ಲರನ್ನು ಸೊಸೆಯ ಕೊರಳಿಗೆ ಸುತ್ತಿದರು. ಅಷ್ಟು ಅಕ್ಕರೆಯಿಂದ ಸುತ್ತಿದ್ದನ್ನು ಬಿಚ್ಚುವುದು ಹೇಗೆ? ಮಗಳು ನೋಡಿದರೆ ರಂಪ ಮಾಡುತ್ತಾಳೆ. ಟೇಪಕ್ಕ ಅದನ್ನು ಮೆಲ್ಲಗೆ ಸೂಟಿನೊಳಕ್ಕೆ ತುರುಕಿ, ಸೀಲನ್ನು ತಾನೇ ಸರಿಪಡಿಸಿಕೊಂಡು, ಮೇಲೆ ರಬ್ಬರಿನ ಟೋಪಿ ಎಳೆದುಕೊಂಡುಬಿಟ್ಟಳು.

ನೀರಿಗಿಳಿದರೆ, ಆ ಬಟ್ಟೆಗಳಲ್ಲಿ ಸಿಕ್ಕಿಕೊಂಡ ಗಾಳಿಗೆ ಆಸಾಮಿ ಮುಳುಗುತ್ತಲೇ ಇಲ್ಲ. ಸಿಹಿನೀರಿನಲ್ಲಿ ಮುಳುಗಲು ಸಮುದ್ರದಲ್ಲಿ ಬೇಕಾದಷ್ಟು ಸೀಸದ ಭಾರ ಸೊಂಟಕ್ಕೆ ಬೇಕಾಗುವುದಿಲ್ಲ, ಲೆಕ್ಕ ಹಾಕಿಯೇ ಕಟ್ಟಿದ್ದೇನಲ್ಲ ಎಂದು ಮಗಳಿಗೆ ಆಶ್ಚರ್ಯ. ಇನ್ನೆರಡು ಸೀಸದ ತುಂಡು ಸೇರಿಸಿದಳು, ಮತ್ತೆರಡು ಸೇರಿಸಿದಳು. ಅಷ್ಟು ಹೊತ್ತಿಗೆ ಒಳಗೆ ಟೇಪಕ್ಕ ಬೆವರಿ ತೊಪ್ಪೆಯಾಗಿದ್ದಳು. ಅಂತೂ ಮುಳುಗಿ ತಣ್ಣೀರಿನ ಪದರ ದಾಟಿದಾಗ, ಹಿಂಗತ್ತಿನ ಹತ್ತಿರ ಒಂದು ತಣ್ಣನೆಯ ದಾರ ಬೆನ್ನಿಗಿಳಿಯತೊಡಗಿತು. ನಿಮಿಷದಲ್ಲಿ ಅದು ಸೊಂಟಕ್ಕೆ ಬಂತು, ಆಮೇಲೆ ಮೊಣಕಾಲಿಗೆ. ಕೆಳಗೆ ಮಸುಕಾಗಿ ಕಟ್ಟೆಯ ಅಂಚು ಕಾಣುವಷ್ಟರಲ್ಲಿ ಹಲ್ಲುಗಳು ಬಾಯಿಯ ನಳಿಕೆಯನ್ನು ಕಟಕಟ ಕಡಿಯುತ್ತಿದ್ದವು. ಮತ್ತೆ ಹೆಬ್ಬೆರಳು ಮೇಲೆ.

ದಂಡೆಗೆ ಬಂದು ಸೂಟು ಬಿಚ್ಚಿದಾಗ ಎರಡೂ ಕಾಲುಗಳಿಂದ ನೀರು ದಬದಬ ಸುರಿಯಿತು. ಸೂಟು ಎಲ್ಲೋ ತೂತಾಗಿದೆ ಎಂದು ಮಗಳು ಗಾಬರಿಯಿಂದ ತಡಕಾಡಿದಳು. ಸಿಕ್ಕಿದ್ದು ತೂತಲ್ಲ, ಅಜ್ಜಿಯ ಮಫ್ಲರು. ಅದರ ಕುಚ್ಚು ಕೊರಳಿನ ಸೀಲಿನ ಅಡಿಯಿಂದ ಹೊರಗೆ ಇಣುಕಿ, ಕೊಳದ ನೀರನ್ನು ಬತ್ತಿಯ ಹಾಗೆ ಹೀರಿ ಒಳಗೆ ಕಳಿಸಿತ್ತು. ಕೂದಲೆಳೆಯ ಪಾಠ ಹೇಳುವವಳು ಮಾರುದ್ದದ ಮಫ್ಲರು ಸುತ್ತಿಕೊಂಡು ನೀರಿಗಿಳಿದಿದ್ದಳು. ಮುಳುಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮಗಳು ಬೈಯಲು ಬಾಯಿ ತೆರೆದು ನಕ್ಕುಬಿಟ್ಟಳು. ಟೇಪಕ್ಕನೂ ಎಲ್ಲರ ಜೊತೆ ನಕ್ಕು, ಬಚ್ಚಲಿಗೆ ಹೋಗಿ ಬಿಸಿನೀರು ಬಿಟ್ಟುಕೊಂಡು ನಿಂತ ಮೇಲೆ ಅತ್ತಳು. ನಾಚಿಕೆ, ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಗಂಡನಿಗೆ ಆಸೆ ತೋರಿಸಿ ಹುಸಿ ಮಾಡಿದೆನಲ್ಲ ಎಂಬ ಸಂಕಟ. ಹೊರಗೆ ಬಂದು, ಈ ಜನ್ಮಕ್ಕೆ ಇಷ್ಟು ಸಾಕು, ನನ್ನ ಹಣೆಯಲ್ಲಿ ತಣ್ಣೀರು ಬರೆದಿಲ್ಲ ಎಂದು ಘೋಷಿಸಿದಳು. ಆಗಲಿ ಬಿಡು ಎಂದ ಮುಳುಗಣ್ಣ. ಅವನು ನೀರಿಗಿಳಿಯುವ ಕೊನೆಯ ಭಾನುವಾರಕ್ಕೆ ಆಗ ಒಂದು ವಾರವೂ ಉಳಿದಿರಲಿಲ್ಲ.

ಮಗಳಿಗೆ ಅಪ್ಪನ ಆ ಮಾತು ಸಹಿಸಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಟೇಪಕ್ಕ ಚಹಾದ ಲೋಟ ಹಿಡಿದು ಮೆಟ್ಟಿಲಿಳಿದು ಬಂದರೆ, ಅವಳ ಜಾಗದಲ್ಲಿ ಮಗಳು ನಿಂತಿದ್ದಾಳೆ. ಕೊರಳಲ್ಲಿ ಟೇಪು. ಮೇಜಿನ ಆಚೆ ಬದಿಗೆ ಬೊಟ್ಟು ಮಾಡಿ, ಬನ್ನಿ, ಏನು ಬೇಕಿತ್ತು ಎಂದಳು. ಹುಡುಗಾಟ ಸಾಕು, ಒಲೆಯ ಮೇಲೆ ಹಾಲಿದೆ ಎಂದಳು ಟೇಪಕ್ಕ. ಮಗಳು ಕೇಳಲಿಲ್ಲ. ಹಾಲು ಅಜ್ಜಿ ನೋಡಿಕೊಳ್ಳುತ್ತಾರೆ, ನೀವು ಕೈ ಇಡಿ ಎಂದು ನೀಲಿ ಬಕೆಟ್ಟನ್ನು ಮುಂದಕ್ಕೆ ತಳ್ಳಿದಳು. ಇಷ್ಟು ವರ್ಷ ಬೇರೆಯವರ ಕೈ ಹಾಕಿಸಿದ ಬಕೆಟ್ಟಿನಲ್ಲಿ ಟೇಪಕ್ಕ ಮೊದಲ ಸಲ ತನ್ನ ಕೈ ಇಟ್ಟು, ಅಯ್ಯಪ್ಪ ಎಂದಳು.

"ಎಷ್ಟು ಹೊತ್ತು ಇರ್ತೀರಾ ನೀರಲ್ಲಿ?"

ಇಪ್ಪತ್ತು ನಿಮಿಷ ಎಂದಳು ಟೇಪಕ್ಕ, ಆಟ ಬೇಗ ಮುಗಿಯಲೆಂದು.

"ಕೆಳಗೆ ಹೋಗಿ ಏನು ಮಾಡ್ತೀರಾ?"

"ಮಾಡೋದೇನು," ಎಂದಳು ಟೇಪಕ್ಕ. "ಕೂತ್ಕೋತೀನಿ. ನಿಮ್ಮಪ್ಪನ ಪಕ್ಕದಲ್ಲಿ."

ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಈಜುವವರ ಮೈ ತಾನೇ ಶಾಖ ಹುಟ್ಟಿಸಿಕೊಳ್ಳುತ್ತದೆ. ಫೋಟೊ ತೆಗೆಯಲೆಂದು ಒಂದೇ ಕಡೆ ನಿಲ್ಲುವವರು ಬೇಗ ತಣ್ಣಗಾಗುತ್ತಾರೆ. ಅವರಿಗೆ ಯಾವಾಗಲೂ ಒಂದು ಮಟ್ಟ ದಪ್ಪನೆಯದನ್ನು ಕೊಡಬೇಕು. ಇದು ಈ ಅಂಗಡಿಯ ಅ ಆ ಇ ಈ. ಆದರೆ ಮನೆಯವರೆಲ್ಲ ಸೇರಿ ಟೇಪಕ್ಕನಿಗೆ ಉಡುಪು ಗೊತ್ತುಮಾಡಿದ್ದು ಈಜುವವಳ ಲೆಕ್ಕದಲ್ಲಿ. ಕೂರುವವಳ ಲೆಕ್ಕವನ್ನು ಯಾರೂ ಹಾಕಿರಲಿಲ್ಲ, ಅವಳೂ ಹಾಕಿರಲಿಲ್ಲ. ಅದು ಸಾಲದೆಂದು ಮೈಗೆ ಮಾತ್ರ ಗೊತ್ತಾಗಿತ್ತು, ಅದಕ್ಕೇ ಅದು ಕದ್ದು ಸ್ವೆಟರು ತುಂಬಿಕೊಂಡಿತ್ತು.

ಟೇಪಕ್ಕ ಬಕೆಟ್ಟಿನಿಂದ ಕೈ ತೆಗೆದು ಮೇಜಿನ ಈಚೆಗೆ ಬಂದಳು. ಸರಿ ಆ ಕಡೆ ಎಂದು ಮಗಳನ್ನು ಪಕ್ಕಕ್ಕೆ ತಳ್ಳಿ, ಟೇಪು ಕಸಿದುಕೊಂಡು, ಕಪಾಟುಗಳನ್ನು ದಡದಡ ತೆಗೆಯತೊಡಗಿದಳು. ಹತ್ತಿಯ ಬನಿಯನ್ನಿಗೆ ಖಡಾಖಂಡಿತ ರಜೆ, ಅದು ಬೆವರು ಹಿಡಿದಿಟ್ಟುಕೊಂಡು ಆಮೇಲೆ ಹಗೆ ಸಾಧಿಸುತ್ತದೆ. ಮೈಗೆ ತಾಗುವಂತೆ ಬೆವರನ್ನು ಹೊರಗೆ ಕಳಿಸುವ ತೆಳು ಉಣ್ಣೆ. ಅದರ ಮೇಲೆ ಅಂಗಡಿಯಲ್ಲೇ ದಪ್ಪನೆಯ ಒಳಉಡುಪು, ಎದೆಗೆ ಇನ್ನೊಂದು ತೋಳಿಲ್ಲದ ಅಂಗಿ. ಮಣಿಕಟ್ಟಿನಲ್ಲಿ ಬಳೆಯಂತೆ ಬಿಗಿದು ಕೂರುವ, ನೀರು ತಾಗದ ಕೈಗವಸು, ಅದರ ಒಳಗೆ ಉಣ್ಣೆಯದೊಂದು. ಎಲ್ಲ ತೊಟ್ಟು ಮತ್ತೆ ಈಜುಕೊಳಕ್ಕೆ ಹೋಗಿ ಎಷ್ಟು ಸೀಸಕ್ಕೆ ಮುಳುಗುತ್ತೇನೆಂದು ನೋಡಬೇಕು. ಕೊಳಕ್ಕೆ ಇಳಿಯುವವರೆಗೂ ನೆರಳಲ್ಲಿ ನಿಲ್ಲಬೇಕು, ಜಿಪ್ಪನ್ನು ಕಟ್ಟಕಡೆಗೆ ಎಳೆಯಬೇಕು. ಹೀಗೆ ತನಗೆ ತಾನೇ ಆಜ್ಞೆ ಕೊಟ್ಟುಕೊಳ್ಳುತ್ತ ಅವಳು ಎಷ್ಟು ಖುಷಿಯಾಗಿ ಓಡಾಡಿದಳೆಂದರೆ, ಮೇಲೆ ಹಾಲು ಉಕ್ಕಿ ಒಲೆ ಆರಿದ್ದು ಗೊತ್ತೇ ಆಗಲಿಲ್ಲ. ಅತ್ತೆ ಮೆಟ್ಟಿಲ ತುದಿಯಲ್ಲಿ ನಿಂತು ಕೂಗುವವರೆಗೆ.

ಭಾನುವಾರ ಅತ್ತೆಯೂ ದಂಡೆಗೆ ಬಂದರು. ಅವರ ಕೈಯಲ್ಲಿ ಒಣಗಿದ ಮಫ್ಲರು ಇತ್ತು. ಅದನ್ನು ನೋಡಿ ಟೇಪಕ್ಕ ತಾನೇ ಹತ್ತಿರ ಹೋಗಿ, ಅತ್ತೇ, ಬಂದ ಮೇಲೆ ಹಾಕಿಕೊಳ್ಳುತ್ತೇನೆ, ಅಲ್ಲಿಯವರೆಗೆ ನೀವೇ ಸುತ್ತಿಕೊಂಡಿರಿ ಎಂದಳು. ಮುದುಕಿ ಒಂದು ಗಳಿಗೆ ಬಿಗುಮಾನದಿಂದ ನೋಡಿ, ಹಾಗೇ ಸುತ್ತಿಕೊಂಡರು. ಮಗಳು ಟಾಲ್ಕಂ ಪೌಡರು ಹಚ್ಚಿ ಸೀಲು ಏರಿಸಿ, ಅಮ್ಮನ ಕೊರಳ ಸುತ್ತ ಬೆರಳಾಡಿಸಿ ನೋಡಿದಳು. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದಳು.

ಮೂವರೂ ಇಳಿದರು, ಮಗಳು ಸ್ವಲ್ಪ ಹಿಂದೆ. ಈ ಸಲ ಟೇಪಕ್ಕ ಲಕ್ಷಣವಾಗಿ ಮುಳುಗಿದಳು. ತಣ್ಣೀರಿನ ಪದರ ಬಂದಾಗ ಕೆನ್ನೆಗಳಿಗೆ ಚುರುಕ್ಕೆಂದಿತು, ತುಟಿ ಜೋಮು ಹಿಡಿಯಿತು. ಕೊರಳಿನಿಂದ ಕೆಳಗೆ ಏನಾಗುತ್ತದೋ ಎಂದು ಉಸಿರು ಬಿಗಿಹಿಡಿಯಲು ಹೋಗಿ, ಹಿಡಿಯಬಾರದೆಂಬ ಪಾಠ ನೆನಪಾಗಿ ಬಿಟ್ಟಳು. ಏನೂ ಆಗಲಿಲ್ಲ. ಅವಳು ಬೆಚ್ಚಗಿದ್ದಳು. ಅಷ್ಟು ತಣ್ಣನೆಯ ನೀರಿನ ನಟ್ಟನಡುವೆ, ಹಾಸಿಗೆಯಲ್ಲಿ ಇದ್ದಷ್ಟೇ ಬೆಚ್ಚಗೆ. ಈ ಸಂಗತಿಯೇ ಅವಳಿಗೆ ಎಷ್ಟು ಸೋಜಿಗವೆನಿಸಿತೆಂದರೆ, ಕಟ್ಟೆ ಬಂದದ್ದನ್ನು ಗಂಡ ಕೈಹಿಡಿದು ತೋರಿಸಬೇಕಾಯಿತು.

ಕುಳಿತರು. ಮೇಲಿನಿಂದ ಬಿಸಿಲು ಓರೆಯಾಗಿ ಇಳಿದು ಕಲ್ಲಿನ ಕಡಿತದ ಗೆರೆಗಳ ಮೇಲೆ ಅಲ್ಲಾಡುತ್ತಿತ್ತು. ಮುಳುಗಿದ ಮರ, ಕೊಂಬೆಯ ಮೇಲಿನ ಹಸಿರು, ಪಟ್ಟೆ ಮೀನು, ಎಲ್ಲವೂ ಹೇಳಿದ ಜಾಗದಲ್ಲೇ ಇದ್ದವು. ಮುಳುಗಣ್ಣ ಒಂದೊಂದಕ್ಕೂ ಬೆರಳು ತೋರಿಸುತ್ತಿದ್ದ. ಅವನು ತೋರಿಸುವ ಮೊದಲೇ ಟೇಪಕ್ಕ ಅತ್ತ ತಿರುಗಿರುತ್ತಿದ್ದಳು. ಕೇಳಿದ್ದಕ್ಕಿಂತ ಚೆಂದವಾಗಿತ್ತು. ಗಂಡನಿಗೆ ಕಥೆ ಹೇಳಲು ಬರುವುದಿಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು. ಇಷ್ಟು ವರ್ಷ ಬರದೆ ಇದ್ದೆನಲ್ಲ ಎಂಬ ದುಃಖ ಒಮ್ಮೆ ಒತ್ತರಿಸಿಕೊಂಡು ಬಂತು, ಆದರೆ ಬಂದಿದ್ದೇನಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಿತ್ತು.

ಹೀಗೆ ಹತ್ತು ಹನ್ನೆರಡು ನಿಮಿಷವಾಗಿರಬೇಕು. ಮುಳುಗಣ್ಣ ಹೆಬ್ಬೆರಳು ಮೇಲೆ ಮಾಡಿದ. ಇನ್ನೂ ಸ್ವಲ್ಪ ಹೊತ್ತು ಎಂದು ಟೇಪಕ್ಕ ಅಂಗೈ ಆಡಿಸಿದಳು, ಸಂತೆಯಲ್ಲಿ ರಚ್ಚೆ ಹಿಡಿದ ಮಗುವಿನ ಹಾಗೆ. ಅವನು ಎರಡೂ ತೋಳುಗಳನ್ನು ಎದೆಗೆ ಅಡ್ಡವಾಗಿ ಕಟ್ಟಿ ಉಜ್ಜಿಕೊಂಡು ತೋರಿಸಿದ. ಚಳಿ ಎನ್ನುವ ಸನ್ನೆ ಅದು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡವಳು ಅವನ ಕೈ ಹಿಡಿದಳು. ಕೈ ಗಡಗಡ ನಡುಗುತ್ತಿತ್ತು. ಈ ಮನುಷ್ಯನಿಗೆ ಚಳಿಯಾದದ್ದನ್ನು ಅವಳು ನೋಡಿಯೇ ಇರಲಿಲ್ಲ. ದಿನವೂ ಒಂದು ಗಳಿಗೆ ಕುಳಿತು ಏಳುವವನು ಇವತ್ತು ಅವಳಿಗಾಗಿ ಅಲ್ಲಾಡದೆ ಕುಳಿತಿದ್ದ, ಆ ತೇಪೆಯ ಸೂಟಿನಲ್ಲಿ. ಅವಳು ತಡಮಾಡದೆ ಎದ್ದು, ಅವನ ಕೈ ಬಿಡದೆ, ಕಲಿಸಿದಷ್ಟೇ ನಿಧಾನವಾಗಿ ಮೇಲೆ ಬಂದಳು.

ದಂಡೆಯ ಮೇಲೆ ಮಗಳು ಬಿಸಿ ಚಹಾ ತರಲು ಓಡಿದಳು. ಮುಳುಗಣ್ಣನ ತುಟಿ ನೀಲಿಗಟ್ಟಿತ್ತು, ಮುಖದ ತುಂಬ ನಗು. ಟೇಪಕ್ಕ ತನ್ನ ಕೈಗವಸು ಕಿತ್ತೆಸೆದು ಅವನ ಬೆನ್ನಿಗೆ ಟವೆಲು ಹೊದಿಸಿದಳು. ಊರಿನ ಜನಕ್ಕೆಲ್ಲ ಕೆಳಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದವಳು, ಮನೆಯ ಮನುಷ್ಯನಿಗೆ ಒಂದು ದಿನವೂ ಕೇಳದೆ ತೇಪೆಯ ಮೇಲೆ ತೇಪೆ ಹಾಕುತ್ತ ಕುಳಿತಿದ್ದಳು. 

"ದಿನಾ ಹಿಂಗೇ ಆಗ್ತಿತ್ತೇನ್ರೀ ಚಳಿ?"

"ಆಗ್ದೆ ಏನು. ತಣ್ಣೀರಲ್ವಾ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ ಒಂದು ದಿನಾನೂ?"

ಮುಳುಗಣ್ಣ ಹಲ್ಲು ಕಟಕಟಿಸುತ್ತಲೇ ಅವಳನ್ನು ನೋಡಿದ.

"ಚಳಿ ಅಂತ ಹೇಳಿದ್ರೆ ನೀನು ಯಾವತ್ತಾದ್ರೂ ಇಳೀತಿದ್ಯಾ?"

ಟೇಪಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಬೆಚ್ಚಗಿದ್ದ ತನ್ನ ಎರಡೂ ಕೈಗಳಲ್ಲಿ ಅವನ ಕೈಗಳನ್ನು ಹಿಡಿದುಕೊಂಡು, ಬಣ್ಣ ಮರಳುವವರೆಗೆ ಉಜ್ಜುತ್ತ ಕುಳಿತಳು.